ವಾಂತಿ ಗುಳಿಗೆ ಯಾರಿಗೆ? ಹಾರ್ಟ್, ಶುಗರ್, ಕಿಡ್ನಿ ತೊಂದರೆ ಇದ್ದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರಿನಲ್ಲಿ ಮೆಡಿಕಲ್ ಅಂಗಡಿ ಇಟ್ಟು 20 ವರ್ಷ ದಾಟಿತು. ಮಾರ್ಚ್‌ನಿಂದ ಜೂನ್ ತನಕ, ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ, ಕೌಂಟರ್ ಮುಂದೆ ಜಾಸ್ತಿ ಕೇಳಿಸುವ ಮಾತು ಒಂದೇ: "ಯಣ್ಣಾ, ಒಂದು ವಾಂತಿ ಗುಳಿಗಿ ಕೊಡು." ಯಾರಿಗೆ ಅಂತ ಕೇಳಿದರೆ "ಮನ್ಯಾಗ" ಅನ್ನುತ್ತಾರೆ. ಆ "ಮನ್ಯಾಗ" ಅನ್ನುವುದರಲ್ಲಿ ಎಂಟು ವರ್ಷದ ಹುಡುಗ ಇರಬಹುದು, ಎರಡು ತಿಂಗಳ ಬಸುರಿ ಇರಬಹುದು, ಸ್ಟೆಂಟ್ ಹಾಕಿಸಿಕೊಂಡು ಬಂದ ಅಜ್ಜ ಇರಬಹುದು. ಮೂವರಿಗೂ ಒಂದೇ ಗುಳಿಗೆ ಕೊಡಲು ಬರುವುದಿಲ್ಲ. ಅದಕ್ಕೇ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ, ಅದಕ್ಕೇ ಕೆಲವರಿಗೆ ನನ್ನ ಮೇಲೆ ಸಿಟ್ಟು. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ಇಲ್ಲಿ ಓದಿದ್ದನ್ನು ನೋಡಿ ಗುಳಿಗೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಡಾಕ್ಟರ್ ಹತ್ತಿರ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ವಾಂತಿ ಗುಳಿಗೆ ಎಲ್ಲ ಒಂದೇ ಅಲ್ವಾ? ಹೆಸರು ಬೇರೆ, ಕಂಪನಿ ಬೇರೆ ಅಷ್ಟೇ ಅಂತಾರಲ್ಲ?

ಅಲ್ಲ. ಒಳಗಿನ ಔಷಧವೇ ಬೇರೆ ಬೇರೆ.

ಈಗ ಜಾಸ್ತಿ ಓಡುವುದು ಒಂಡಾನ್ಸೆಟ್ರಾನ್. ಎಮೆಸೆಟ್, ವೋಮಿಕೈಂಡ್, ಒಂಡೆಮ್ ಅಂತ ಬರುವುದೆಲ್ಲ ಇದೇ. ಮೂಲತಃ ಕ್ಯಾನ್ಸರ್ ಔಷಧ ಕೊಟ್ಟಾಗ ಆಗುವ ವಾಂತಿ ತಡೆಯಲು ಬಂದದ್ದು, ಈಗ ಭೇದಿಗೂ ಇದೇ, ಜ್ವರಕ್ಕೂ ಇದೇ. ಡೊಂಪೆರಿಡೋನ್ ಮತ್ತು ಮೆಟೊಕ್ಲೊಪ್ರಮೈಡ್ ಇನ್ನೊಂದು ಜಾತಿ. ಇವು ಹೊಟ್ಟೆಯಲ್ಲಿರುವುದನ್ನು ಬೇಗ ಕೆಳಗೆ ತಳ್ಳುತ್ತವೆ. ಡಾಮ್‌ಸ್ಟಾಲ್ ಅಂದರೆ ಡೊಂಪೆರಿಡೋನ್, ಪೆರಿನಾರ್ಮ್ ಅಂದರೆ ಮೆಟೊಕ್ಲೊಪ್ರಮೈಡ್. ತಲೆ ಸುತ್ತಿಗೆ ಅಂತ ಎಲ್ಲರ ಮನೆಯಲ್ಲೂ ಇರುವ ಸ್ಟೆಮೆಟಿಲ್ ಪ್ರೋಕ್ಲೋರ್‌ಪೆರಜೀನ್. ಇದು ಮಾನಸಿಕ ಕಾಯಿಲೆಗೆ ಕೊಡುವ ಔಷಧಗಳ ಕುಟುಂಬದ್ದು, ಇದನ್ನು ಹೇಳಿದರೆ ಜನ ಗುಳಿಗೆಯನ್ನು ಒಂದು ಸಲ ತಿರುಗಿಸಿ ನೋಡುತ್ತಾರೆ. ಬಸ್ಸಿನಲ್ಲಿ ಕಾರಿಕೊಳ್ಳುವವರಿಗೆ ಕೊಡುವ ಅವೊಮಿನ್ ಪ್ರೊಮೆಥಜೀನ್, ಅಲರ್ಜಿ ಗುಳಿಗೆಗಳ ಅಣ್ಣತಮ್ಮ.

ಹೀಗೆ ದಾರಿ ಬೇರೆ ಆದ್ದರಿಂದ ತೊಂದರೆಯೂ ಬೇರೆ. ಒಂದು ಹಾರ್ಟ್ ಇದ್ದವರಿಗೆ ಆಗುವುದಿಲ್ಲ, ಒಂದು ಕೈ ನಡುಗುವವರಿಗೆ ಆಗುವುದಿಲ್ಲ, ಒಂದು ಮೂತ್ರ ಕಟ್ಟುವ ಅಜ್ಜನಿಗೆ ಆಗುವುದಿಲ್ಲ.

ನಮ್ಮಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. ಯಾವ ವಾಂತಿ ಗುಳಿಗೆ ಕೊಡಬಹುದು?

ಮೊದಲು ಗುಳಿಗೆ ಬಿಡಿ, ವಾಂತಿ ಯಾಕೆ ಬಂತು ಅಂತ ನೋಡಿ. ಹಾರ್ಟ್ ಅಟ್ಯಾಕ್ ಅಂದರೆ ಎದೆ ಹಿಡಿದುಕೊಂಡು ಬೀಳುವುದು ಅಂತ ಸಿನಿಮಾದಲ್ಲಿ ನೋಡಿ ನೋಡಿ ನಂಬಿಬಿಟ್ಟಿದ್ದೇವೆ. ವಯಸ್ಸಾದವರಿಗೆ, ಹೆಂಗಸರಿಗೆ, ಶುಗರ್ ಇದ್ದವರಿಗೆ ಅದು ಬರೀ ಹೊಟ್ಟೆ ತೊಳಸುವುದು, ವಾಂತಿ, ತಣ್ಣನೆ ಬೆವರು, ಸುಸ್ತು ಅಂತ ಮಾತ್ರ ಬರಬಹುದು. "ರಾತ್ರಿ ಮಿರ್ಚಿ ತಿಂದಿದ್ದ, ಗ್ಯಾಸ್ ಆಗ್ಯಾದ" ಅಂತ ಗ್ಯಾಸಿನ ಗುಳಿಗೆ, ವಾಂತಿ ಗುಳಿಗೆ ಒಯ್ದು ಕೊಟ್ಟು ಮಲಗಿಸಿದರೆ ಹೋಗುವುದು ಅಮೂಲ್ಯವಾದ ಎರಡು ತಾಸು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಆ ಇಸಿಜಿಯನ್ನು ದೂರದ ಹೃದಯದ ಡಾಕ್ಟರ್ ನೋಡಿ ಹೇಳುವ ವ್ಯವಸ್ಥೆಯೂ ಇದೆ. ಅಲ್ಲಿಗೆ ಹೋಗಿ ಮೊದಲು.

ಹಾರ್ಟ್ ಅಲ್ಲ, ಹೊಟ್ಟೆಯದೇ ತೊಂದರೆ ಅಂತ ಖಾತ್ರಿ ಆಯಿತು ಅಂದುಕೊಳ್ಳಿ. ಆಗಲೂ ಒಂದು ವಿಷಯ ಇದೆ. ಹೃದಯ ಪ್ರತಿ ಸಲ ಬಡಿದ ಮೇಲೆ ಮತ್ತೆ ಸಿದ್ಧವಾಗಲು ಚೂರು ಹೊತ್ತು ಬೇಕು. ಇಸಿಜಿ ಹಾಳೆಯಲ್ಲಿ ಆ ಹೊತ್ತನ್ನು ಕ್ಯೂಟಿ ಅಂತ ಅಳೆಯುತ್ತಾರೆ. ಡೊಂಪೆರಿಡೋನ್, ಒಂಡಾನ್ಸೆಟ್ರಾನ್ ಎರಡೂ ಆ ಹೊತ್ತನ್ನು ಉದ್ದ ಮಾಡಬಲ್ಲವು. ಗಟ್ಟಿ ಹೃದಯದವರಿಗೆ ಒಂದೆರಡು ಗುಳಿಗೆಯಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಹೃದಯ ಮೊದಲೇ ಸೋತಿದ್ದರೆ, ಬಡಿತದ ಲಯ ತಪ್ಪಿದ್ದರೆ, ಅಥವಾ ವಾಂತಿ-ಭೇದಿ ಆಗಿ ಮೈಯಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಆ ಹೊತ್ತು ತೀರಾ ಉದ್ದವಾಗಿ ಬಡಿತವೇ ಕೆಡಬಹುದು, ತಲೆ ತಿರುಗಿ ಬೀಳಬಹುದು, ಅಪರೂಪಕ್ಕೆ ಜೀವಕ್ಕೂ ಅಪಾಯ.

ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಡೊಂಪೆರಿಡೋನ್‌ಗೆ ಕಡಿವಾಣ ಹಾಕಿತು. ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಅದೂ ಸಾಮಾನ್ಯವಾಗಿ ಒಂದು ವಾರ ಮೀರಬಾರದು. ಹೃದಯ ಸೋತವರಿಗೆ ಕೊಡಲೇಬಾರದು. 60 ದಾಟಿದವರಲ್ಲಿ ಮತ್ತು ದಿನಕ್ಕೆ 30 ಮಿಲಿಗ್ರಾಂ ಮೀರಿ ತಗೊಳ್ಳುವವರಲ್ಲಿ ಅಪಾಯ ಜಾಸ್ತಿ ಅಂತ ಕಂಡುಬಂದಿತ್ತು. ಒಂಡಾನ್ಸೆಟ್ರಾನ್ ವಿಷಯದಲ್ಲಿ ಅಮೆರಿಕದವರು 2012ರಲ್ಲಿ ನರಕ್ಕೆ ಒಂದೇ ಸಲ ಕೊಡುವ 32 ಮಿಲಿಗ್ರಾಂನ ದೊಡ್ಡ ಡೋಸನ್ನು ತೆಗೆದುಹಾಕಿದರು. ನಾವು ಕೊಡುವ 4 ಮಿಲಿಗ್ರಾಂ ಗುಳಿಗೆಗೂ ಅದಕ್ಕೂ ಬಹಳ ಅಂತರ ಇದೆ, ಗಾಬರಿ ಬೇಡ. ಹುಟ್ಟಿನಿಂದಲೇ ಕ್ಯೂಟಿ ಉದ್ದ ಇರುವ ಮನೆತನಗಳೂ ಇವೆ. ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ಅಂತ ಹೋದವರಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ.

ಇನ್ನೊಂದು. ಹಾರ್ಟ್‌ಗೆ ಕೊಡುವ ಡಿಗಾಕ್ಸಿನ್ ತಗೊಳ್ಳುವವರಿಗೆ ಊಟ ಸೇರದೆ ಹೊಟ್ಟೆ ತೊಳಸಲು ಶುರುವಾದರೆ ಆ ಗುಳಿಗೆಯೇ ಮೈಯಲ್ಲಿ ಜಾಸ್ತಿ ಆಗಿರಬಹುದು. ವಾಂತಿ ನಿಲ್ಲಿಸಿದರೆ ಆ ಸುಳಿವೇ ಮುಚ್ಚಿಹೋಗುತ್ತದೆ.

ಬೇರೆ ಯಾವ ಗುಳಿಗೆಗಳ ಜೊತೆ ಕೂಡುವುದಿಲ್ಲ?

ವಾಂತಿ-ಭೇದಿ ಅಂತ ಹೋದರೆ ಸಿಗುವ ಚೀಟಿ ನೆನಪಿಸಿಕೊಳ್ಳಿ. ಒಂದು ಆಂಟಿಬಯಾಟಿಕ್, ಒಂದು ಒಂಡಾನ್ಸೆಟ್ರಾನ್, ಒಂದು ಡೊಂಪೆರಿಡೋನ್ ಇರುವ ಗ್ಯಾಸ್ ಗುಳಿಗೆ. ಆ ಆಂಟಿಬಯಾಟಿಕ್ ಅಜಿತ್ರೊಮೈಸಿನ್ ಅಥವಾ ಲಿವೊಫ್ಲಾಕ್ಸಾಸಿನ್ ಆಗಿದ್ದರೆ ಮೂರೂ ಕೂಡಿ ಕ್ಯೂಟಿಯನ್ನು ಒಂದೇ ಕಡೆಗೆ ಎಳೆಯುತ್ತವೆ. 25ರ ಹುಡುಗನಿಗೆ ನಡೆದುಹೋಗುತ್ತದೆ. ಲಾಸಿಕ್ಸ್ ತಗೊಳ್ಳುವ 70ರ ಅಜ್ಜಿಗೆ ಹಾಗಲ್ಲ, ಮೂತ್ರದ ಗುಳಿಗೆಯಿಂದ ಪೊಟ್ಯಾಸಿಯಂ ಮೊದಲೇ ಕಡಿಮೆ ಇರುತ್ತದೆ.

ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಇಟ್ರಾಕೊನಜೋಲ್ ಕೂಡ ಡೊಂಪೆರಿಡೋನ್ ಜೊತೆ ಬೇಡ. ಈಗ ಗಜಕರ್ಣ ಅಂತ ಬರುವವರೆಲ್ಲ ತಿಂಗಳಗಟ್ಟಲೆ ಇಟ್ರಾಕೊನಜೋಲ್ ನುಂಗುತ್ತಾರೆ, ಅದನ್ನು ಔಷಧ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಬೇರೆ ಗುಳಿಗೆ ಏನಾದರೂ ನಡೀತಿದೆಯಾ" ಅಂದರೆ "ಏನಿಲ್ಲ" ಅನ್ನುತ್ತಾರೆ. ಹಾರ್ಟ್ ಲಯಕ್ಕೆ ಕೊಡುವ ಅಮಿಯೊಡರೋನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಬೆಡಾಕ್ವಿಲಿನ್, ಇವು ಇದ್ದರೂ ಬಾಯಿಬಿಟ್ಟು ಹೇಳಿ.

ದಿನಾ ಬೆಳಿಗ್ಗೆ ತಗೊಳ್ಳುವ ಗ್ಯಾಸ್ ಕ್ಯಾಪ್ಸೂಲ್‌ಗೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧ ಇದೆ. ನಮ್ಮ ಕಡೆ ಮಂಡಾಳ ಒಗ್ಗರಣೆ, ಮಿರ್ಚಿ, ಅದರ ಮೇಲೆ ಕಡಕ್ ಚಹಾ. ಅಸಿಡಿಟಿ ಇಲ್ಲದ ಮನೆ ಇಲ್ಲ. ಹಾಗಾಗಿ ಬರಿ ಹೊಟ್ಟೆಯ ಕ್ಯಾಪ್ಸೂಲ್ ಇಲ್ಲದ ಮನೆಯೂ ಇಲ್ಲ. ಹೆಸರಿನ ಕೊನೆಗೆ "ಡಿ" ಅಂತ ಇದ್ದರೆ ಸಾಮಾನ್ಯವಾಗಿ ಒಳಗೆ ಆಸಿಡ್ ಕಡಿಮೆ ಮಾಡುವ ಔಷಧದ ಜೊತೆ ಡೊಂಪೆರಿಡೋನ್ ಕೂಡ ಇರುತ್ತದೆ, ಹೆಚ್ಚಿನವುಗಳಲ್ಲಿ 30 ಮಿಲಿಗ್ರಾಂ. ಒಂದು ವಾರಕ್ಕೆ ಅಂತ ಹೇಳುವ ಔಷಧವನ್ನು ಜನ ಐದು ವರ್ಷದಿಂದ ತಗೊಳ್ಳುತ್ತಿರುತ್ತಾರೆ. ಅದರ ಮೇಲೆ ವಾಂತಿ ಅಂತ ಇನ್ನೊಂದು ಡೊಂಪೆರಿಡೋನ್ ಕೇಳುತ್ತಾರೆ. ಡಬಲ್ ಆಯಿತಲ್ಲ!

ಕೆಲವು ಕ್ಯಾಪ್ಸೂಲ್‌ನಲ್ಲಿ ಡೊಂಪೆರಿಡೋನ್ ಬದಲು ಲಿವೊಸಲ್ಪಿರೈಡ್ ಇರುತ್ತದೆ. ಇದರ ಬಗ್ಗೆ ನನ್ನ ಮನೆಯದೇ ಕಥೆ ಇದೆ. ನಮ್ಮವ್ವನಿಗೆ ಒಬ್ಬ ಡಾಕ್ಟರ್ ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದರು. ಅವ್ವನಿಗೆ ಹೊಟ್ಟೆ ಹಗುರಾಯಿತು, "ಅದನ್ನ ತಂದುಕೊಡಪ್ಪಾ" ಅಂದಳು, ಅಂಗಡಿ ನನ್ನದೇ, ತಂದುಕೊಟ್ಟೆ. ಎರಡು ವರ್ಷ ತಂದುಕೊಟ್ಟೆ. ಆಮೇಲೆ ಕೈ ನಡುಗಲು ಶುರುವಾಯಿತು. ರೊಟ್ಟಿ ತಟ್ಟುವ ಕೈ, ಹಿಟ್ಟು ಹಿಡಿಯಲಾಗದೆ ಕೂತುಬಿಟ್ಟಳು. ನಡಿಗೆ ಸಣ್ಣ ಸಣ್ಣ ಹೆಜ್ಜೆ ಆಯಿತು. ಪಾರ್ಕಿನ್ಸನ್ ಅಂದುಕೊಂಡು ನರದ ಡಾಕ್ಟರ್ ಹತ್ತಿರ ಒಯ್ದರೆ ಅವರು ಮೊದಲು ಕೇಳಿದ್ದೇ "ಹೊಟ್ಟೆಗೆ ಏನು ತಗೊಳ್ತಾರೆ" ಅಂತ. ಚೀಟಿ ನೋಡಿ ಕ್ಯಾಪ್ಸೂಲ್ ಬಿಡಿಸಿದರು. ನಾಲ್ಕೈದು ತಿಂಗಳಲ್ಲಿ ನಡುಕ ಹೋಯಿತು. ಎಲ್ಲರಿಗೂ ಹೀಗೆ ಪೂರ್ತಿ ಹೋಗುವುದಿಲ್ಲ. ಔಷಧದ ಅಂಗಡಿಯವನ ತಾಯಿಗೇ ಹೀಗಾದರೆ ಉಳಿದವರ ಪಾಡೇನು ಅಂತ ನಮ್ಮ ಹೆಂಡತಿ ಈಗಲೂ ಹಂಗಿಸುತ್ತಾಳೆ. ಅವತ್ತಿನಿಂದಲೇ ನಾನು ಈ ಪ್ರಶ್ನೆ ಕೇಳುವ ಚಾಳಿ ಹಚ್ಚಿಕೊಂಡದ್ದು.

ಮೊದಲೇ ಪಾರ್ಕಿನ್ಸನ್ ಇದ್ದವರಿಗೆ?

ಮೆಟೊಕ್ಲೊಪ್ರಮೈಡ್ ಬೇಡ. ಸ್ಟೆಮೆಟಿಲ್ ಬೇಡ. ಲಿವೊಸಲ್ಪಿರೈಡ್ ಬೇಡ. ಪಾರ್ಕಿನ್ಸನ್ ಅಂದರೆ ಮೆದುಳಲ್ಲಿ ಡೊಪಮಿನ್ ಅನ್ನುವ ರಾಸಾಯನಿಕ ಕಡಿಮೆ ಆಗುವುದು, ಈ ಗುಳಿಗೆಗಳು ಉಳಿದ ಚೂರನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಡೊಂಪೆರಿಡೋನ್ ಮೆದುಳಿನೊಳಗೆ ಹೆಚ್ಚು ಹೋಗುವುದಿಲ್ಲ, ಹಾಗಾಗಿ ನರದ ಡಾಕ್ಟರ್‌ಗಳು ಹೃದಯ ನೋಡಿಕೊಂಡು ಅದನ್ನೇ ಕೊಡುವುದುಂಟು. ಪಾರ್ಕಿನ್ಸನ್‌ಗೇ ಕೊಡುವ ಅಪೊಮಾರ್ಫಿನ್ ಸೂಜಿ ನಡೆಯುತ್ತಿದ್ದರೆ ಒಂಡಾನ್ಸೆಟ್ರಾನ್ ಪೂರ್ತಿ ನಿಷೇಧ, ಬಿಪಿ ಕುಸಿದು ಎಚ್ಚರ ತಪ್ಪಬಹುದು.

ಶುಗರ್ ಇದೆ, ಎರಡು ದಿನದಿಂದ ವಾಂತಿ. ಗುಳಿಗೆ ತಗೊಂಡು ಕಾಯಬಹುದಾ?

ಎರಡು ದಿನ ಯಾಕೆ ಕಾದಿರಿ ಅಂತ ನಾನು ಮೊದಲು ಬಯ್ಯುತ್ತೇನೆ.

ಶುಗರ್ ಇದ್ದವರ ವಾಂತಿಗೆ ಐದಾರು ಕಾರಣ ಇರಬಹುದು. ಹೊಸದಾಗಿ ಮೆಟ್‌ಫಾರ್ಮಿನ್ ಶುರು ಮಾಡಿದಾಗ ಹೊಟ್ಟೆ ತೊಳಸುವುದು ಸಾಮಾನ್ಯ, ಊಟದ ಜೊತೆ ತಗೊಂಡರೆ ಕಡಿಮೆ ಆಗುತ್ತದೆ. ಹಳೆ ಶುಗರ್‌ನವರಿಗೆ ಹೊಟ್ಟೆಯ ನರ ಸೋತು ಊಟ ಅಲ್ಲೇ ನಿಂತು ಬಿಡುತ್ತದೆ, ನಿನ್ನೆ ಉಂಡ ಅನ್ನ ಇವತ್ತು ವಾಂತಿಯಲ್ಲಿ ಬರುತ್ತದೆ. ಈಗ ತೂಕ ಇಳಿಸಲು, ಶುಗರ್ ಇಳಿಸಲು ವಾರಕ್ಕೊಂದು ಸೂಜಿ ಬಂದಿದೆಯಲ್ಲ, ಅದು ಕೆಲಸ ಮಾಡುವ ಒಂದು ದಾರಿಯೇ ಹೊಟ್ಟೆಯನ್ನು ನಿಧಾನ ಮಾಡುವುದು, ಹಾಗಾಗಿ ಬಹಳ ಜನಕ್ಕೆ ವಾಕರಿಕೆ ಬರುತ್ತದೆ. ಅದಕ್ಕೆ ಮೊದಲ ಮದ್ದು ಊಟ ಕಡಿಮೆ ಮಾಡುವುದು, ಡಾಕ್ಟರ್‌ಗೆ ಹೇಳಿ ಡೋಸ್ ನಿಧಾನವಾಗಿ ಏರಿಸುವುದು.

ಹೆದರಬೇಕಾದದ್ದು ಕೀಟೋಆಸಿಡೋಸಿಸ್‌ಗೆ. ಇನ್ಸುಲಿನ್ ಸಾಲದೆ ರಕ್ತ ಹುಳಿಯಾಗುವುದು ಅನ್ನಿ. ವಾಂತಿ, ಹೊಟ್ಟೆ ನೋವು, ಜೋರು ಉಸಿರು, ಬಾಯಲ್ಲಿ ಹಣ್ಣು ಕೊಳೆತ ವಾಸನೆ. "ಊಟ ಮಾಡಿಲ್ಲ, ಮತ್ತೆ ಇನ್ಸುಲಿನ್ ಯಾಕೆ" ಅಂತ ಸೂಜಿ ಪೂರ್ತಿ ನಿಲ್ಲಿಸಿದವರಲ್ಲೇ ಇದು ಜಾಸ್ತಿ. ಇನ್ಸುಲಿನ್ ಸ್ವಂತ ಬುದ್ಧಿಯಿಂದ ಪೂರ್ತಿ ನಿಲ್ಲಿಸಬೇಡಿ, ಎಷ್ಟು ಕಡಿಮೆ ಮಾಡಬೇಕು ಅಂತ ಫೋನ್ ಮಾಡಿಯಾದರೂ ಕೇಳಿ. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಗುಳಿಗೆ ತಗೊಳ್ಳುವವರಿಗೆ ಇನ್ನೊಂದು ಮೋಸ ಇದೆ: ಮೀಟರ್‌ನಲ್ಲಿ ಶುಗರ್ 200ರ ಆಸುಪಾಸು ತೋರಿಸುತ್ತಿರುತ್ತದೆ, ಒಳಗೆ ರಕ್ತ ಹುಳಿಯಾಗಿರುತ್ತದೆ. ವಾಂತಿ-ಭೇದಿ ಆಗಿ ನೀರು ನಿಲ್ಲದಿದ್ದಾಗ ಈ ಗುಳಿಗೆ ಮತ್ತು ಮೆಟ್‌ಫಾರ್ಮಿನ್ ಎರಡನ್ನೂ ಸ್ವಲ್ಪ ದಿನ ನಿಲ್ಲಿಸಲು ಡಾಕ್ಟರ್‌ಗಳು ಹೇಳುತ್ತಾರೆ. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅಂತ ಆರಾಮ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ವಾಂತಿ ಗುಳಿಗೆಗಳಲ್ಲಿ ಹೆಚ್ಚಿನವು ಶುಗರ್ ಏರಿಸುವುದಿಲ್ಲ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರ ಏರಿಸುತ್ತದೆ. ಕ್ಯಾನ್ಸರ್ ಔಷಧದ ಜೊತೆ ಅದನ್ನು ಬೇಕಂತಲೇ ಕೊಡುತ್ತಾರೆ, ಆ ದಿನಗಳಲ್ಲಿ ಶುಗರ್ ಜಾಸ್ತಿ ಸಲ ನೋಡಿಕೊಳ್ಳಿ.

ಬಿಪಿ ಗುಳಿಗೆ ತಗೊಂಡಿದ್ದೇನೆ, ವಾಂತಿ ಗುಳಿಗೆ ತಗೊಂಡರೆ ಬಿಪಿ ಏರುತ್ತಾ?

ಸಾಮಾನ್ಯವಾಗಿ ಏರುವುದಿಲ್ಲ, ಇಳಿಯುವ ಚಿಂತೆಯೇ ಜಾಸ್ತಿ. ಬಿಸಿಲು, ಭೇದಿ, ಅದರ ಮೇಲೆ ಬಿಪಿ ಗುಳಿಗೆ, ಅದರ ಮೇಲೆ ಸ್ಟೆಮೆಟಿಲ್. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ. ಎಂತೆಂಥ ಗಟ್ಟಿ ಆಳುಗಳು ಬಚ್ಚಲಲ್ಲಿ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದಾರೆ. ನೀರು ನಿಲ್ಲದೆ ವಾಂತಿ ಆಗುತ್ತಿದ್ದರೆ ಬಿಪಿ ಗುಳಿಗೆಯನ್ನು ಹಾಗೇ ಮುಂದುವರಿಸಬೇಕಾ ಅಂತ ಡಾಕ್ಟರ್‌ಗೆ ಅವತ್ತೇ ಕೇಳಿ.

ಕಿಡ್ನಿ ವೀಕ್ ಇದೆ. ಡಯಾಲಿಸಿಸ್‌ಗೆ ಹೋಗುತ್ತೇವೆ.

ಕಿಡ್ನಿ ತೊಂದರೆಯವರಿಗೆ ವಾಕರಿಕೆ ಕಾಯಿಲೆಯದೇ ಭಾಗ, ರಕ್ತದಲ್ಲಿ ಕಸ ಉಳಿದಾಗ ಹೊಟ್ಟೆ ತೊಳಸುತ್ತದೆ. ಡಯಾಲಿಸಿಸ್ ತಪ್ಪಿಸಿಕೊಂಡ ವಾರ ವಾಂತಿ ಜಾಸ್ತಿ ಆದರೆ ಅದಕ್ಕೆ ಗುಳಿಗೆ ಹುಡುಕಬೇಡಿ, ಡಯಾಲಿಸಿಸ್‌ಗೆ ಹೋಗಿ. ಒಂಡಾನ್ಸೆಟ್ರಾನ್ ಡೋಸನ್ನು ಕಿಡ್ನಿಗಾಗಿ ಕಡಿಮೆ ಮಾಡಬೇಕಿಲ್ಲ. ಮೆಟೊಕ್ಲೊಪ್ರಮೈಡ್ ಮಾತ್ರ ಕಿಡ್ನಿ ಮೂಲಕ ಹೊರಗೆ ಹೋಗುವುದರಿಂದ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸುತ್ತಾರೆ. ಹಾಗೇ ಇವರಿಗೆ "ಎಳನೀರು ಕುಡಿಸಿ, ಎನರ್ಜಿ ಬರ್ತದೆ" ಅಂತ ನೆರೆಮನೆಯವರು ಹೇಳುವುದನ್ನು ಕೇಳಬೇಡಿ. ಎಳನೀರಲ್ಲಿ ಪೊಟ್ಯಾಸಿಯಂ ಬಹಳ, ಕಿಡ್ನಿ ಕೆಟ್ಟವರಲ್ಲಿ ಅದು ಏರಿದರೆ ಹೃದಯ ನಿಲ್ಲಬಹುದು.

ಕಾಮಾಲೆ ಆಗಿದೆ / ಲಿವರ್ ಕೆಟ್ಟಿದೆ ಅಂದರೆ?

ಡೊಂಪೆರಿಡೋನ್ ಬೇಡ. ಲಿವರ್ ತೀರಾ ಕೆಟ್ಟಿದ್ದರೆ ಒಂಡಾನ್ಸೆಟ್ರಾನ್ ದಿನಕ್ಕೆ ಒಟ್ಟು 8 ಮಿಲಿಗ್ರಾಂ ಮೀರುವಂತಿಲ್ಲ. ಅದರಿಂದ ಮಲಬದ್ಧತೆಯೂ ಆಗುತ್ತದೆ, ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಟ್ಟವರಿಗೆ ಸಂಡಾಸ ಕಟ್ಟಿದರೆ ಮಂಪರು ಬರುತ್ತದೆ, ಇದನ್ನು ಮನೆಯವರು ಗಮನಿಸಬೇಕು. ನಿದ್ದೆ ಬರಿಸುವ ಅವೊಮಿನ್ ಥರದ್ದೂ ಇವರಿಗೆ ಬೇಡ.

ಫಿಟ್ಸ್ ಇದ್ದವರಿಗೆ?

ಮೆಟೊಕ್ಲೊಪ್ರಮೈಡ್ ಕೊಡುವುದಿಲ್ಲ. ಸ್ಟೆಮೆಟಿಲ್‌ಗೂ ಹುಷಾರು, ಫಿಟ್ಸ್ ಬೇಗ ಬರುವಂತೆ ಮಾಡಬಹುದು. ಇದಕ್ಕಿಂತ ದೊಡ್ಡ ಅಪಾಯ ಫಿಟ್ಸ್ ಗುಳಿಗೆಯೇ ವಾಂತಿಯಲ್ಲಿ ಹೊರಗೆ ಹೋಗುವುದು. ಒಂದು ಹೊತ್ತಿನ ಗುಳಿಗೆ ಉಳಿಯದಿದ್ದರೂ ಡಾಕ್ಟರ್‌ಗೆ ಹೇಳಿ, ಎರಡು ಹೊತ್ತು ಆಯಿತು ಅಂದರೆ ಆಸ್ಪತ್ರೆಗೇ ಹೋಗಿ.

ವಾಂತಿ ಸೂಜಿ ಮಾಡಿಸಿದ ಮೇಲೆ ಮಗಳ ಕತ್ತು ತಿರುಚಿಕೊಂಡಿತು, ಕಣ್ಣು ಮೇಲೆ ಹೋಯಿತು. ಏನಿದು?

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡಿಗ್ರಿ ಓದುವ ಹುಡುಗಿ, ಮಧ್ಯಾಹ್ನ ಹಳ್ಳಿಯಲ್ಲಿ ಯಾರೋ ವಾಂತಿಗೆ ಸೂಜಿ ಮಾಡಿದ್ದಾರೆ, ಸಂಜೆಗೆ ಕತ್ತು ಒಂದು ಕಡೆ, ದವಡೆ ಒಂದು ಕಡೆ, ಗುಡ್ಡೆ ಮೇಲಕ್ಕೆ. ಮನೆಯಲ್ಲಿ ಗಾಳಿ ಸೋಕಿದೆ ಅಂತ ಲಿಂಬೆಹಣ್ಣು ಇಳಿಸಿದ್ದೂ ಆಗಿದೆ. ಅಣ್ಣ ಮೊಬೈಲ್‌ನಲ್ಲಿ ವಿಡಿಯೋ ತಂದು ತೋರಿಸಿದ. ಸೂಜಿಯ ಖಾಲಿ ಆಂಪ್ಯೂಲ್ ಹೆಸರು ಕೇಳಿದೆ, ಮೆಟೊಕ್ಲೊಪ್ರಮೈಡ್. ತಾಲೂಕು ಆಸ್ಪತ್ರೆಗೆ ಓಡಿಸಿದೆ. ಅಲ್ಲಿ ಒಂದು ಸೂಜಿ ಕೊಟ್ಟರು, ಅರ್ಧ ತಾಸಲ್ಲಿ ಹುಡುಗಿ ಎದ್ದು ಕೂತು ನೀರು ಕೇಳಿದಳಂತೆ.

ಇದಕ್ಕೆ ಡಿಸ್ಟೋನಿಯಾ ಅನ್ನುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಜಾಸ್ತಿ. ನೋಡಲು ಭಯಂಕರ, ಸರಿಯಾದ ಔಷಧ ಕೊಟ್ಟರೆ ಬೇಗ ಇಳಿಯುತ್ತದೆ. ಒಂದು ಸಲ ಹೀಗಾದವರು ಆ ಔಷಧದ ಹೆಸರನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಬೇಕು. ಯುರೋಪಿನಲ್ಲಿ 2013ರಿಂದ ಮೆಟೊಕ್ಲೊಪ್ರಮೈಡ್‌ಗೆ ಐದು ದಿನದ ಮಿತಿ ಇದೆ, ಒಂದು ವರ್ಷದ ಒಳಗಿನ ಮಕ್ಕಳಿಗೆ ಕೊಡುವಂತೆಯೇ ಇಲ್ಲ. ತಿಂಗಳುಗಟ್ಟಲೆ ತಗೊಂಡರೆ ಬಾಯಿ, ನಾಲಿಗೆ ತಾನಾಗಿ ಆಡುತ್ತಲೇ ಇರುವ ಕಾಯಿಲೆ ಬರಬಹುದು, ಅದು ಕೆಲವರಿಗೆ ವಾಪಸ್ ಹೋಗುವುದೇ ಇಲ್ಲ.

ಅಜ್ಜಿಗೆ ತಲೆ ಸುತ್ತು. ಸ್ಟೆಮೆಟಿಲ್ ದಿನಾ ಕೊಡಬಹುದಾ?

ಬೇಡ. ಮೂರ್ನಾಲ್ಕು ದಿನಕ್ಕೆ ಅಂತ ಕೊಡುವ ಗುಳಿಗೆ ಅದು. ದಿನಾ ಕೊಟ್ಟರೆ ನಡುಕ, ಬಿಗಿತ, ಬೀಳುವುದು. ಸಿನ್ನಾರಿಜೀನ್ ಇರುವ ಸ್ಟುಜೆರಾನ್ ಕೂಡ ವಯಸ್ಸಾದವರಲ್ಲಿ ಬಹಳ ದಿನ ನಡೆದರೆ ಇದೇ ಕಥೆ. ಮರೆವಿನ ಕಾಯಿಲೆ ಇರುವ ಹಿರಿಯರಿಗಂತೂ ಸ್ಟೆಮೆಟಿಲ್ ಕುಟುಂಬದ ಔಷಧ ಇನ್ನೂ ಅಪಾಯ. ತಲೆ ಸುತ್ತಿಗೆ ಕಿವಿಯಿಂದ ಹಿಡಿದು ರಕ್ತ ಕಡಿಮೆ ಇರುವ ತನಕ ನೂರು ಕಾರಣ, ಅದನ್ನು ಹುಡುಕಿಸಿ.

ಬೆಂಗಳೂರು ಸ್ಲೀಪರ್ ಬಸ್, ತಿರುಪತಿ ಘಾಟ್, ಸಂಡೂರಿನ ತಿರುವು. ವಾಂತಿ ತಡೆಯೋದು ಹೇಗೆ?

ಬಸ್ ವಾಂತಿಗೆ ಒಂಡಾನ್ಸೆಟ್ರಾನ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸುಮ್ನೆ ದುಡ್ಡು ದಂಡ. ಅವೊಮಿನ್ ಥರದ್ದನ್ನು ಹೊರಡುವುದಕ್ಕೆ ಒಂದೆರಡು ತಾಸು ಮೊದಲೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಆದರೆ ಕಣ್ಣಿನ ಒತ್ತಡ ಇರುವವರು, ಅಂದರೆ ಗ್ಲಾಕೋಮಾ, ಮತ್ತು ಪ್ರಾಸ್ಟೇಟ್ ದಪ್ಪ ಆಗಿ ಮೂತ್ರ ಕಟ್ಟುವ ಹಿರಿಯರು ಕೇಳದೆ ತಗೊಳ್ಳಬೇಡಿ. ಮೂತ್ರ ಪೂರ್ತಿ ಕಟ್ಟಿ, ನಡುರಾತ್ರಿ ಹೈವೇಯಲ್ಲಿ ಬಸ್ ನಿಲ್ಲಿಸಬೇಕಾದ ಪಾಡು ಯಾರಿಗೂ ಬೇಡ. ಎರಡು ವರ್ಷದ ಒಳಗಿನ ಮಗುವಿಗೆ ಪ್ರೊಮೆಥಜೀನ್ ಕೊಡಲೇಬಾರದು, ಉಸಿರು ನಿಲ್ಲಬಹುದು. ಗಾಡಿ ಓಡಿಸುವವರಿಗೂ ಬೇಡ, ಜೋರು ನಿದ್ದೆ ಬರುತ್ತದೆ.

ಡಿಪ್ರೆಶನ್ ಗುಳಿಗೆ ತಗೊಳ್ಳುತ್ತೇನೆ. ಅದನ್ನು ಹೇಳಲೇಬೇಕಾ?

ಹೇಳಲೇಬೇಕು. ಅಂಗಡಿಯಲ್ಲಿ ನಾಲ್ಕು ಜನ ನಿಂತಿರುವಾಗ ಹೇಳಲು ಮುಜುಗರ ಆದರೆ ಸ್ಟ್ರಿಪ್‌ನ ಫೋಟೋ ತೋರಿಸಿ ಸಾಕು. ಎಸಿಟಾಲೊಪ್ರಾಮ್ ಇದ್ದರೆ ಕ್ಯೂಟಿ ವಿಷಯ ಬರುತ್ತದೆ. ಅಲ್ಲದೆ ಈ ಗುಳಿಗೆಗಳು, ನೋವಿಗೆ ಕೊಡುವ ಟ್ರಮಡಾಲ್, ಒಂಡಾನ್ಸೆಟ್ರಾನ್ ಎಲ್ಲ ಕೂಡಿದರೆ ಅಪರೂಪಕ್ಕೆ ಮೈ ನಡುಕ, ಬೆವರು, ಜ್ವರ, ಗಲಿಬಿಲಿ ಆಗುತ್ತದೆ. ನಿಮ್ಮ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಬಸುರಿ, ಥೈರಾಯ್ಡ್ ಬೇರೆ ಇದೆ. ಏನು ತಗೊಳ್ಳಬಹುದು?

ಮೊದಲು ಕೊಡುವುದು ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಕೂಡಿದ ಗುಳಿಗೆ, ಡಾಕ್ಸಿನೇಟ್ ಅಂತ ಎಲ್ಲರಿಗೂ ಗೊತ್ತು. ನಿದ್ದೆ ಬರುತ್ತದೆ, ಹಾಗಾಗಿ ರಾತ್ರಿ ಶುರು ಮಾಡುತ್ತಾರೆ. ಒಂಡಾನ್ಸೆಟ್ರಾನ್ ಮೊದಲ ಮೂರು ತಿಂಗಳಲ್ಲಿ ಬೇಡ ಅಂತ ಯುರೋಪಿನವರು 2019ರಲ್ಲಿ ಹೇಳಿದರು, ಕಾರಣ ಮಗುವಿಗೆ ತುಟಿ ಅಥವಾ ಅಂಗುಳ ಸೀಳುವ ಸಂಭವ 10,000ಕ್ಕೆ ಮೂರರಷ್ಟು ಹೆಚ್ಚು ಕಂಡದ್ದು. ಗೊತ್ತಿಲ್ಲದೆ ಒಂದೆರಡು ನುಂಗಿದವರು ಅಳುತ್ತಾ ಕೂರುವಂಥ ಲೆಕ್ಕ ಅಲ್ಲ ಇದು. ಬೇರೆ ಯಾವುದೂ ಹಿಡಿಯದೆ ತೂಕ ಇಳಿಯುತ್ತಿದ್ದರೆ ಡಾಕ್ಟರ್ ಇದನ್ನೇ ಕೊಡಬಹುದು. ಥೈರಾಯ್ಡ್ ಗುಳಿಗೆ ನುಂಗಿದ ಕೂಡಲೇ ವಾಂತಿ ಆಗುತ್ತಿದ್ದರೆ ಹೊತ್ತು ಬದಲಿಸಬಹುದಾ ಅಂತ ಕೇಳಿ. ಐದು ತಿಂಗಳು ದಾಟಿದ ಮೇಲೆ ಹೊಸದಾಗಿ ವಾಂತಿ, ತಲೆನೋವು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಮೊದಲು ಬಿಪಿ ನೋಡಿಸಿ.

ಗುಳಿಗೆಗಿಂತ ಸೂಜಿ, ಸಲೈನ್ ಹಚ್ಚಿಸಿಕೊಂಡರೆ ಬೇಗ ಆರಾಮ ಅಲ್ವಾ?

ಬಾಯಿಂದ ಏನೂ ನಿಲ್ಲದಿದ್ದಾಗ ಹೌದು. ಉಳಿದಂತೆ ಹಟಕ್ಕೆ ಬಿದ್ದು ಹಚ್ಚಿಸಿಕೊಳ್ಳಬೇಡಿ. ಹೃದಯ ಸೋತವರಿಗೆ, ಕಿಡ್ನಿಯವರಿಗೆ ಎರಡು ಬಾಟಲಿ ಸಲೈನ್ ಸರಸರ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ನರಕ್ಕೆ ಕೊಡುವ ವಾಂತಿ ಸೂಜಿಯನ್ನೂ ನಿಧಾನಕ್ಕೆ ಕೊಡಬೇಕು, ಮೆಟೊಕ್ಲೊಪ್ರಮೈಡ್ ಆದರೆ ಕಡಿಮೆ ಅಂದರೂ ಮೂರು ನಿಮಿಷ. ಗದ್ದಲದ ಕ್ಲಿನಿಕ್‌ನಲ್ಲಿ ಮೂರು ನಿಮಿಷ ಯಾರಿಗಿದೆ ಹೇಳಿ.

2022ರಲ್ಲಿ ರಾಯಚೂರು ನಗರದಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ವಾಂತಿ-ಭೇದಿಯಲ್ಲಿ ಜೀವ ತೆಗೆಯುವುದು ಮೈಯ ನೀರು, ಉಪ್ಪು ಹೋಗುವುದು. ಹಾಗಾಗಿ ಓಆರ್‌ಎಸ್ ಪುಡಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಅರ್ಧ ಗ್ಲಾಸಿಗೆ ಅರ್ಧ ಪೊಟ್ಟಣ ಅಂತ ಅಂದಾಜು ಹಾಕಬೇಡಿ. ಸಿಹಿ ಜ್ಯೂಸ್ ಡಬ್ಬಿಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರುವುದನ್ನು ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ತಡೆಯಿತು. ಶುಗರ್ ಇದ್ದವರಿಗೆ ಆ ಡಬ್ಬಿಗಳು ಬೇಡವೇ ಬೇಡ, ಸರಿಯಾದ ಓಆರ್‌ಎಸ್ ಮಾತ್ರ ಕುಡಿಯಬಹುದು. "ಅದರಲ್ಲೂ ಸಕ್ಕರೆ ಇದೆ" ಅಂತ ಬಿಡುವುದು ತಪ್ಪು. ಹಾರ್ಟ್, ಕಿಡ್ನಿಯವರು ಎಷ್ಟು ಕುಡಿಯಬೇಕು ಅಂತ ಕೇಳಿಕೊಂಡು ಗುಟುಕು ಗುಟುಕಾಗಿ ಕುಡಿಯಿರಿ.

ಶುಂಠಿ, ಮಜ್ಜಿಗೆ, ಸೋಡಾ?

ಶುಂಠಿ ಸಣ್ಣ ವಾಕರಿಕೆಗೆ ಒಳ್ಳೆಯದೇ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಕಷಾಯ ಮಾಡಿ ಲೋಟಗಟ್ಟಲೆ ಕುಡಿಯಬೇಡಿ. ಈನೋ ಥರದ ಸೋಡಾ ಪುಡಿಯಲ್ಲಿ ಸೋಡಿಯಂ ಬಹಳ, ಬಿಪಿ, ಹಾರ್ಟ್, ಕಿಡ್ನಿಯವರು ದೂರ ಇಡಿ.

ಯಾವಾಗ ಗುಳಿಗೆ ಬಿಟ್ಟು ಆಸ್ಪತ್ರೆಗೇ ಓಡಬೇಕು?

ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು. ಹಸಿರು ಪಿತ್ತದ ವಾಂತಿಯ ಜೊತೆ ಹೊಟ್ಟೆ ಉಬ್ಬಿ, ಸಂಡಾಸ, ಗಾಳಿ ಎರಡೂ ನಿಂತಿದ್ದರೆ ಕರುಳು ಕಟ್ಟಿರಬಹುದು, ಅಂಥವರಿಗೆ ಹೊಟ್ಟೆ ತಳ್ಳುವ ಗುಳಿಗೆ ಕೊಟ್ಟರೆ ಕರುಳು ಒಡೆಯಬಹುದು. ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ. ಎದೆ ಬಿಗಿತ, ಬೆವರು. ಆರೆಂಟು ತಾಸು ಮೂತ್ರವೇ ಇಲ್ಲದಿರುವುದು. ಹೊಲಕ್ಕೆ ಔಷಧ ಹೊಡೆದು ಬಂದ ಮೇಲಿನ ವಾಂತಿ, ಇದು ನಮ್ಮ ಭತ್ತದ, ಹತ್ತಿಯ ಊರುಗಳಲ್ಲಿ ಬೇರೆಯೇ ಕಥೆ, ಬಟ್ಟೆ ಬಿಚ್ಚಿಸಿ ಮೈ ತೊಳೆದು ಡಬ್ಬಿಯ ಜೊತೆಗೇ ಒಯ್ಯಿರಿ. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ರಾತ್ರಿ ನನ್ನ ಮನೆ ಬಾಗಿಲು ಬಡಿಯಬೇಡಿ, ನನ್ನ ಹತ್ತಿರ ಅದಕ್ಕೆ ಮದ್ದಿಲ್ಲ.

ಮನೆಯಲ್ಲಿ ಉಳಿದ ವಾಂತಿ ಗುಳಿಗೆ ಇದೆ. ಇನ್ನೊಂದು ಸಲಕ್ಕೆ ಬರುತ್ತಾ?

ಅದರ ಹೆಸರು ಓದಲು ಬಂದರೆ ತಾನೇ! ನಾವು ಅಂಗಡಿಯವರು ಎರಡು ಗುಳಿಗೆ ಕೇಳಿದರೆ ಸ್ಟ್ರಿಪ್‌ನಿಂದ ಕತ್ತರಿಸಿ ಕೊಡುತ್ತೇವೆ, ಹೆಸರು ಒಂದು ತುಂಡಲ್ಲಿ, ತಾರೀಖು ಇನ್ನೊಂದು ತುಂಡಲ್ಲಿ. ಆಮೇಲೆ ಗೋಡೆಯ ಗೂಡಲ್ಲಿ ಬೆಳ್ಳಗೆ ಹೊಳೆಯುವ ಎರಡು ಗುಳಿಗೆ, ವಾಂತಿಯದೋ ಶುಗರ್‌ದೋ ದೇವರಿಗೇ ಗೊತ್ತು. ಅಂಥದ್ದನ್ನು ಎಸೆಯಿರಿ. ಮುಂದಿನ ಸಲ ಹೆಸರು ಮತ್ತು ತಾರೀಖು ಇರುವ ತುಂಡೇ ಬೇಕು ಅಂತ ಹಟ ಮಾಡಿ, ಇಲ್ಲದಿದ್ದರೆ ಚಿಕ್ಕ ಕವರಿನ ಮೇಲೆ ಪೆನ್ನಲ್ಲಿ ಬರೆಸಿಕೊಳ್ಳಿ. ನನ್ನ ಅಂಗಡಿಯಲ್ಲಿ ಆ ಪೆನ್ನನ್ನು ದಾರ ಕಟ್ಟಿ ಕೌಂಟರ್‌ಗೇ ತೂಗುಹಾಕಿದ್ದೇನೆ.